ಬಣ್ಣಕ್ಕಾಗಿ ಬೆಳೆಸುವ ಹಾವು

ಎತ್ತನ್ನು ದುಡಿಮೆಗಾಗಿ, ಹಸುವನ್ನು ಹಾಲಿಗಾಗಿ, ಕುದುರೆಯನ್ನು ಓಟಕ್ಕಾಗಿ ಮನುಷ್ಯನು ತಲೆತಲಾಂತರದಿಂದ ಆರಿಸಿ ಬೆಳೆಸುತ್ತ ಬಂದಿರುವನೆಂಬುದು ಎಲ್ಲರೂ ಬಲ್ಲ ಮಾತು. ಹಾವನ್ನು ಬಣ್ಣಕ್ಕಾಗಿ ಬೆಳೆಸುತ್ತಾರೆಂದರೆ ಮಾತ್ರ ನಮ್ಮ ವಾಚಕರಲ್ಲಿ ಹಿರಿಯರಾದವರು ನಂಬಲಾರರು. ಕಿರಿಯರು ನಂಬುವುದಿರಲಿ, ಆ ಬಣ್ಣಗಳ ಹೆಸರುಗಳನ್ನೇ ಬಾಯಿಪಾಠ ಒಪ್ಪಿಸಬಲ್ಲರು. ಕೈಯಲ್ಲಿನ ದೂರವಾಣಿಯ ತೆರೆಯ ಮೇಲೆ ಹಳದಿ, ಬಿಳಿ, ನೇರಿಳೆ ಬಣ್ಣದ ಹಾವುಗಳನ್ನು ಅವರು ಕಂಡಿದ್ದಾರೆ. ಇಂಥದೊಂದನ್ನು ಮನೆಯಲ್ಲಿ ಸಾಕಬಾರದೇಕೆ ಎಂಬ ಪ್ರಶ್ನೆ ನಮ್ಮ ಶಾಲೆಯ ಮೇಲ್ತರಗತಿಗಳಲ್ಲಿ ಈಗ ಆಗಾಗ ಕೇಳಿಬರುತ್ತಿದೆ. ಪ್ರಶ್ನೆ ಕೇಳಿದವರನ್ನು ಗದರಿಸಿ ಕೂರಿಸುವುದು ಸುಲಭ. ಆದರೆ ಅದು ಉತ್ತರವಾಗಲಾರದು. ಆದುದರಿಂದ ಈ ವಿಷಯವನ್ನು ಕುರಿತು ನಮ್ಮ ಅಭಿಪ್ರಾಯವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ನಿವೇದಿಸಬಯಸುತ್ತೇವೆ.

ಇದು ದೂರದೇಶದವರ ಗೀಳು, ನಮಗೇಕೆ ಎನ್ನುವಂತೆಯೂ ಇಲ್ಲ. ೨೦೨೩ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದ ಬಂದು ವಾರಸುದಾರರಿಲ್ಲದೆ ಬಿದ್ದಿದ್ದ ಸಾಮಾನಿನೊಳಗೆ ೭೮ ಪ್ರಾಣಿಗಳು ದೊರೆತುವು. ಅವುಗಳಲ್ಲಿ ೫೫ ಬಗೆಬಗೆಯ ಬಣ್ಣದ ಬಾಲ್ ಪೈಥಾನುಗಳು, ೧೭ ಕಾಳಿಂಗ ಸರ್ಪಗಳು. ಉಳಿದ ೬ ಕಪುಚಿನ್ ಕೋತಿಗಳು, ಅವು ಆಗಲೇ ಸತ್ತಿದ್ದುವು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಮುಂಬಯಿಯ ವಿಮಾನ ನಿಲ್ದಾಣದಲ್ಲಿಯೇ ಬಿಸ್ಕತ್ತು, ಕೇಕುಗಳ ಪೊಟ್ಟಣಗಳಲ್ಲಿ ಅಡಗಿಸಿ ತಂದಿದ್ದ ೯ ಬಾಲ್ ಪೈಥಾನುಗಳೂ ೨ ಕಾರ್ನ್ ಸ್ನೇಕುಗಳೂ ಸಿಕ್ಕಿಬಿದ್ದುವು. ಬಿಸ್ಕತ್ತಿನ ಪೊಟ್ಟಣದಲ್ಲಿ ಹಾವನ್ನು ತುಂಬಿ ತರುವ ಸಾಹಸಕ್ಕೆ ಜನ ಇಳಿದಿರುವರೆಂದರೆ, ಈ ಊರಿನಲ್ಲಿಯೇ ಅದನ್ನು ಕೊಳ್ಳುವವರು ಇರುವರೆಂದು ಬೇರೆ ಹೇಳಬೇಕಾಗಿಲ್ಲ.

ಬಾಲ್ ಪೈಥಾನ್ ಎಂಬುದು ಪಶ್ಚಿಮ ಆಫ್ರಿಕದ ಹೆಬ್ಬಾವು. ಪ್ರಾಣಿಶಾಸ್ತ್ರದಲ್ಲಿ ಇದಕ್ಕೆ ಪೈಥಾನ್ ರೀಜಿಯಸ್, ಎಂದರೆ ರಾಜಹೆಬ್ಬಾವು, ಎಂದು ಹೆಸರು. ಬೆದರಿದಾಗ ತಲೆಯನ್ನು ನಡುವೆ ಹುದುಗಿಸಿಕೊಂಡು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅಮೆರಿಕದವರು ಅದಕ್ಕೆ ಚೆಂಡಿನ ಹೆಸರನ್ನೇ ಇಟ್ಟರು. ಹೆಬ್ಬಾವೆಂದೊಡನೆ ನಮ್ಮ ಮಲೆನಾಡಿನ ದೈತ್ಯನನ್ನು ನೆನೆಯಬೇಕಾದುದಿಲ್ಲ; ಇದು ಸಾಮಾನ್ಯವಾಗಿ ೩ರಿಂದ ೫ ಅಡಿ ಬೆಳೆಯುವ, ವಿಷವಿಲ್ಲದ, ಬಹು ಸೌಮ್ಯವಾದ ಪ್ರಾಣಿ. ಹಗಲೆಲ್ಲ ಇಲಿಯ ಬಿಲದಲ್ಲಿಯೋ ಗೆದ್ದಲ ಹುತ್ತದಲ್ಲಿಯೋ ಅಡಗಿದ್ದು ರಾತ್ರಿ ಹೊರಡುತ್ತದೆ. ಹುತ್ತದೊಳಗಿನ ಹಾವು ನಮ್ಮಲ್ಲಿ ಮಾತ್ರವಲ್ಲ, ಅಲ್ಲಿಯೂ ಉಂಟು! ಹೆಣ್ಣು ಒಂದು ಸಲಕ್ಕೆ ಸುಮಾರು ಆರು ತತ್ತಿಗಳನ್ನಿಟ್ಟು, ಅವುಗಳನ್ನು ಮೈಯಿಂದ ಸುತ್ತಿಕೊಂಡು ಎರಡು ತಿಂಗಳ ಹತ್ತಿರ ಕಾಯುತ್ತದೆ. ಅದರ ಸಹಜವಾದ ಬಣ್ಣವೆಂದರೆ ಕಪ್ಪು ಬೆರೆತ ಕಂದು, ಅದರ ಮೇಲೆ ಒಣಹುಲ್ಲಿನ ಹೊಂಬಣ್ಣದ ಮಚ್ಚೆಗಳು. ಬಿಸಿಲು ಸೋಸಿ ಬಿದ್ದ ಒಣ ನೆಲದಲ್ಲಿ ಮಲಗಿದರೆ ಕಾಲಡಿಯಲ್ಲಿದ್ದರೂ ಕಣ್ಣಿಗೆ ಬೀಳದು. ಹದ್ದಿಗೂ ಇಲಿಗೂ ಕಾಣದಿರುವುದೇ ಆ ಬಣ್ಣದ ಪ್ರಯೋಜನ. ನಮಗೆ ಚಂದ ಕಾಣಬೇಕೆಂದು ಅದು ಹುಟ್ಟಿದುದಲ್ಲ.

ಈ ಹಾವಿನ ಸೀಮೆಯಲ್ಲಿ ಅದಕ್ಕೆ ಸಲ್ಲುವ ಮರ್ಯಾದೆಯನ್ನು ಕೇಳಿದರೆ, ನಾಗರಪಂಚಮಿಯನ್ನಾಚರಿಸುವ ನಾವು ಬೆರಗಾಗಬೇಕು. ಬೆನಿನ್ ದೇಶದ ವೀಡಾ ಎಂಬ ಕಡಲತೀರದ ಊರಿನಲ್ಲಿ ಈ ಹೆಬ್ಬಾವುಗಳದೇ ಒಂದು ಗುಡಿಯುಂಟು. ಎದುರಿಗೇ ಕ್ರೈಸ್ತರ ದೊಡ್ಡ ಇಗರ್ಜಿ. ದಾಂಗ್ಬೆ ಎಂಬ ದೇವತೆಯ ರೂಪವೆಂದು ಭಾವಿಸಿ ಅಲ್ಲಿನವರು ಅದನ್ನು ಕೊಲ್ಲುವುದಿಲ್ಲ. ಮನೆಯೊಳಗೆ ಬಂದರೆ ಗೌರವದಿಂದ ಎತ್ತಿಕೊಂಡು ಹೋಗಿ ಬಿಡುತ್ತಾರೆ. ನೈಜೀರಿಯದ ಇಗ್ಬೋ ಜನರಲ್ಲಿಯೂ ಇದೇ ಭಾವನೆ. ಚಿನುವ ಅಚಿಬೆಯವರು ೧೯೬೪ರಲ್ಲಿ ಪ್ರಕಟಿಸಿದ ಆ್ಯರೋ ಆಫ್ ಗಾಡ್ ಎಂಬ ಕಾದಂಬರಿಯಲ್ಲಿ, ಪೂಜಾರಿಯ ಮಗನೊಬ್ಬನು ಮಿಷನರಿಗಳ ಮತವನ್ನು ಹೊಸದಾಗಿ ಹಿಡಿದು, ರಾಜಹೆಬ್ಬಾವನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಹಾಕುತ್ತಾನೆ, ಊರೆಲ್ಲ ಕಲಕಿಹೋಗುತ್ತದೆ. ಅದೇ ಬೆನಿನ್, ಟೋಗೊ, ಘಾನಾ ದೇಶಗಳಿಂದ ಕಳೆದ ಕೆಲವು ದಶಕಗಳಲ್ಲಿ ಇದೇ ಹಾವುಗಳು ದಶಲಕ್ಷಗಟ್ಟಲೆ ಪೆಟ್ಟಿಗೆಗಳಲ್ಲಿ ಪರದೇಶಗಳಿಗೆ ಹೋಗಿವೆ. ಗಬ್ಬದ ಹೆಣ್ಣುಗಳನ್ನೂ ತತ್ತಿಗಳನ್ನೂ ಕಾಡಿನಿಂದ ತಂದು, ಮರಿಯೊಡೆಸಿ, ಮರಿಗಳನ್ನು ಸಾಗಿಸುವುದು ಅಲ್ಲಿ ಒಂದು ಉದ್ಯೋಗವಾಗಿ ಬೆಳೆದಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ೨೦೨೧ರಲ್ಲಿ ಈ ಜಾತಿಯನ್ನು ಅಪಾಯದ ಅಂಚಿಗೆ ಬಂದವುಗಳ ಪಟ್ಟಿಯಲ್ಲಿ ಸೇರಿಸಿತು.

ಇನ್ನು ಬಣ್ಣದ ವಿಚಾರ. ಈ ಹಾವಿನ ಚರ್ಮದಲ್ಲಿ ಕಪ್ಪುಕಂದಿನ ಮೆಲನಿನ್ ಎಂಬ ವರ್ಣದ್ರವ್ಯವಿರುವ ಕಣಗಳು ಕೆಲವು; ಹಳದಿಯನ್ನು ಕೊಡುವ ಕಣಗಳು ಕೆಲವು; ಬೆಳಕನ್ನು ಪ್ರತಿಫಲಿಸುವ ಹರಳುಗಳುಳ್ಳ ಕಣಗಳು ಇನ್ನು ಕೆಲವು. ವಂಶವಾಹಿಯಲ್ಲಿ ಒಂದು ಸಣ್ಣ ತಪ್ಪಾಗಿ ಮೆಲನಿನ್ ಉತ್ಪನ್ನವಾಗುವುದು ನಿಂತಿತೆನ್ನಿ. ಕಪ್ಪೆಲ್ಲ ಅಳಿಸಿ, ಬಿಳಿಯ ಮೈಯ ಮೇಲೆ ಹಳದಿಯ ಮಚ್ಚೆಗಳು ಉಳಿಯುತ್ತವೆ, ಕಣ್ಣು ಕೆಂಪಾಗುತ್ತದೆ. ಕಾಡಿನಲ್ಲಿ ಇಂತಹ ಮರಿ ಹುಟ್ಟಿದರೆ ಹದ್ದಿನ ಪಾಲಾಗುವುದೇ ಹೆಚ್ಚು. ಆಫ್ರಿಕದಿಂದ ಬಂದ ಅಂಥದೊಂದು ಹಾವಿನಿಂದ ಅಮೆರಿಕದ ಬಾಬ್ ಕ್ಲಾರ್ಕ್ ಎಂಬ ತಳಿಗಾರರು ೧೯೯೨ರಲ್ಲಿ ಬಿಳಿಹಳದಿಯ ಮರಿಗಳನ್ನು ಪಡೆದು, ಈ ಗುಣವು ತಂದೆತಾಯಿಗಳಿಂದ ಮಕ್ಕಳಿಗೆ ಇಳಿಯುವುದೆಂದು ತೋರಿಸಿಕೊಟ್ಟರು. ಅಲ್ಲಿಂದ ಮೊದಲ್ಗೊಂಡು ಈ ಉದ್ಯಮದ ಸ್ವರೂಪವೇ ಬದಲಾಯಿತು. ಮೈಯ ಅರ್ಧ ಹಾಲುಬಿಳಿ, ಅರ್ಧ ಸಹಜವರ್ಣವಾಗಿರುವ ಪೈಬಾಲ್ಡ್ ೧೯೯೭ರಲ್ಲಿ ಬಂದಿತು. ಅನಂತರ ಬನಾನಾ, ಕ್ಲೌನ್, ಪ್ಯಾಸ್ಟೆಲ್ ಮುಂತಾಗಿ ಬಂದುವು. ಒಂದರೊಡನೊಂದನ್ನು ಕೂಡಿಸಿದ ಮಿಶ್ರಗಳಂತೂ ಸಾವಿರಗಳನ್ನು ಮುಟ್ಟಿವೆ. ಹೆಸರುಗಳನ್ನು ಕೇಳಿದರೆ ಇದು ಹಾವಿನ ಪಟ್ಟಿಯೋ ಮಿಠಾಯಿ ಅಂಗಡಿಯ ಪಟ್ಟಿಯೋ ಎಂದು ಸಂದೇಹವಾಗುತ್ತದೆ.

ನಮ್ಮ ವಿದ್ಯಾರ್ಥಿಗಳು ಮೆಂಡೆಲನ ಬಟಾಣಿಯನ್ನು ಓದಿರುವರಷ್ಟೆ. ಇಲ್ಲಿನ ಲೆಕ್ಕವೂ ಅದೇ. ಬಿಳಿಹಳದಿಯ ಗಂಡಿಗೂ ಸಹಜ ಬಣ್ಣದ ಹೆಣ್ಣಿಗೂ ಹುಟ್ಟಿದ ಮರಿಗಳೆಲ್ಲ ಸಹಜ ಬಣ್ಣದವೇ. ಆದರೆ ಗುಣವನ್ನು ಒಳಗೆ ಹೊತ್ತಿರುತ್ತವೆ. ಅಂತಹ ಎರಡು ಕೂಡಿದರೆ ನಾಲ್ಕರಲ್ಲಿ ಒಂದು ಮರಿ ಬಿಳಿಹಳದಿಯಾಗಬಹುದು. ಹೆಣ್ಣು ತತ್ತಿಯಿಡಲು ಸುಮಾರು ಮೂರು ವರ್ಷ ಬೆಳೆಯಬೇಕು. ಇಡುವುದು ಆರೇಳು ತತ್ತಿ. ಹೀಗಾಗಿ ಹೊಸ ಬಣ್ಣವೊಂದನ್ನು ಹೆಚ್ಚಿಸಲು ತಾಳ್ಮೆಯೂ ಬಂಡವಾಳವೂ ಬೇಕು. ಮೊದಲು ಕೈಗೆ ಬಂದವನಿಗೆ ಒಂದೊಂದು ಮರಿಗೆ ಸಾವಿರಾರು ಡಾಲರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಎಲ್ಲರ ಬಳಿಯೂ ಅದೇ ಇರುತ್ತದೆ. ಬೆಲೆ ನೂರಕ್ಕೋ ಇನ್ನೂರಕ್ಕೋ ಇಳಿಯುತ್ತದೆ. ಆಗ ಇನ್ನೊಂದು ಬಣ್ಣ ಬೇಕು. ಬೆಲೆಯ ಈ ಇಳಿತವೇ ತಳಿಗಾರನನ್ನು ಸದಾ ಹೊಸದರ ಕಡೆಗೆ ಓಡಿಸುತ್ತಿರುತ್ತದೆ. ಪೇಟೆಯಲ್ಲಿ ಸೀರೆಯ ಅಂಚಿನ ವಿಷಯದಲ್ಲಿಯೂ ಇದೇ ನಡೆಯುವುದನ್ನು ನಾವು ಕಂಡಿದ್ದೇವೆ. ವ್ಯತ್ಯಾಸವೇನೆಂದರೆ, ಹಳೆಯ ಸೀರೆಗೆ ಹಸಿವಿಲ್ಲ.

ಇಷ್ಟರಲ್ಲಿ ನಮಗೆ ಅಂತಹ ಆಕ್ಷೇಪಣೆಯೇನೂ ಇಲ್ಲ. ನಮ್ಮ ಆಕ್ಷೇಪಣೆಯು ಮುಖ್ಯವಾಗಿ ಸ್ಪೈಡರ್ ಎಂಬ ಬಣ್ಣವನ್ನು ಕುರಿತದ್ದು. ೧೯೯೯ರಲ್ಲಿ ಆಫ್ರಿಕದಿಂದ ಅಮೆರಿಕಕ್ಕೆ ಬಂದ ಒಂದೇ ಒಂದು ಹಾವು ಇಂದಿನ ಸ್ಪೈಡರುಗಳಿಗೆಲ್ಲ ಮೂಲಪುರುಷ. ಹೊಂಬಣ್ಣದ ಮೈಯ ಮೇಲೆ ಜೇಡನ ಬಲೆಯ ಎಳೆಗಳಂತೆ ಸಣ್ಣ ಕಪ್ಪು ಗೆರೆಗಳು. ನೋಡಲು ಬಹು ಸೊಗಸು ಎಂಬುದನ್ನು ನಾವೂ ಒಪ್ಪುತ್ತೇವೆ. ಈ ಗುಣವು ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು, ಮರಿಯಲ್ಲಿ ಕಾಣಿಸಿಕೊಳ್ಳುತ್ತದೆ. ಎಂದರೆ ಅರ್ಧದಷ್ಟು ಮರಿಗಳು ಸ್ಪೈಡರುಗಳೇ. ತಳಿಗಾರನಿಗೆ ಇದಕ್ಕಿಂತ ಅನುಕೂಲವುಂಟೆ? ಆದರೆ ಈ ಬಣ್ಣದೊಡನೆ ಇನ್ನೊಂದು ಸಂಗತಿಯೂ ಬರುತ್ತದೆ. ಸ್ಪೈಡರ್ ಹಾವಿನ ತಲೆ ನಡುಗುತ್ತದೆ. ಕೆಲವದರಲ್ಲಿ ಕಂಡೂ ಕಾಣದಷ್ಟು. ಕೆಲವದರಲ್ಲಿ ಕತ್ತು ತಿರುಪಿನಂತೆ ಸುತ್ತಿ, ತಲೆ ಕೆಳಗಾಗಿ, ಗದ್ದ ಮೇಲಾಗಿ ನಿಲ್ಲುವಷ್ಟು. ಬೇಟೆಯ ಮೇಲೆ ಎರಗಿದರೆ ಗುರಿ ತಪ್ಪುತ್ತದೆ. ಬೆನ್ನ ಮೇಲೆ ಬಿದ್ದರೆ ತಾನಾಗಿ ತಿರುಗಿಕೊಳ್ಳಲು ತಿಣುಕುತ್ತದೆ. ಎರಡೂ ಕಡೆಯಿಂದ ಈ ಗುಣವನ್ನು ಪಡೆದ ಮರಿಯೊಂದು ಬದುಕಿರುವುದನ್ನು ಇದುವರೆಗೆ ಯಾರೂ ಖಚಿತವಾಗಿ ತೋರಿಸಿಕೊಟ್ಟಿಲ್ಲ. ಅದು ತತ್ತಿಯಲ್ಲಿಯೇ ಅಳಿಯುವುದೆಂದು ತಳಿಗಾರರೇ ನಂಬುತ್ತಾರೆ.

ಇದಕ್ಕೆ ಕಾರಣವೇನೆಂಬುದು ಬಹುಕಾಲ ಊಹೆಯಲ್ಲಿಯೇ ಇದ್ದಿತು. ೨೦೨೨ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞರು ಸ್ಪೈಡರ್ ಹಾವುಗಳ ತಲೆಬುರುಡೆಯನ್ನು ಸೂಕ್ಷ್ಮ ಕ್ಷಕಿರಣ ಚಿತ್ರಗಳಿಂದ ಪರೀಕ್ಷಿಸಿ, ಸಹಜ ಹಾವುಗಳೊಡನೆ ಹೋಲಿಸಿ ನೋಡಿದರು. ಪರೀಕ್ಷಿಸಿದ ಹಾವುಗಳ ಸಂಖ್ಯೆ ಕಡಿಮೆಯೇ. ಆದರೂ ಕಂಡುಬಂದುದು ಸ್ಪಷ್ಟವಾಗಿತ್ತು. ಒಳಗಿವಿಯಲ್ಲಿ ದೇಹದ ಸಮತೋಲವನ್ನು ಕಾಯುವ ಅರ್ಧವರ್ತುಲ ನಾಳಗಳು ವಿಕಾರಗೊಂಡಿದ್ದುವು; ಗುರುತ್ವದ ದಿಕ್ಕನ್ನು ತಿಳಿಸುವ ಚೀಲವು ಇರಬೇಕಾದುದಕ್ಕಿಂತ ಚಿಕ್ಕದಾಗಿತ್ತು. ಮೇಲು ಯಾವುದು, ಕೆಳಗು ಯಾವುದು ಎಂಬುದನ್ನು ಹೇಳುವ ಅವಯವವೇ ಕೆಟ್ಟಿದೆ. ಬಣ್ಣಕ್ಕೂ ಕಿವಿಗೂ ಏನು ಸಂಬಂಧವೆಂದು ಕೇಳಬಹುದು. ಭ್ರೂಣದಲ್ಲಿ ನರಶಿಖೆಯೆಂಬ ಒಂದು ಅಂಚಿನಿಂದ ಹೊರಟ ಕಣಗಳು ಚರ್ಮಕ್ಕೆ ಹೋಗಿ ಬಣ್ಣದ ಕಣಗಳಾಗುತ್ತವೆ. ಅದೇ ಮೂಲದ ಕೆಲವು ಕಣಗಳು ಒಳಗಿವಿಗೂ ಹೋಗುತ್ತವೆ. ನೀಲಿಗಣ್ಣಿನ ಬಿಳಿ ಬೆಕ್ಕುಗಳಲ್ಲಿ, ಡಾಲ್ಮೇಷಿಯನ್ ನಾಯಿಗಳಲ್ಲಿ ಕಿವುಡು ಹೆಚ್ಚಾಗಿರುವುದಕ್ಕೂ ಇಂತಹ ನಂಟೇ ಕಾರಣ. ಆದುದರಿಂದ ಸ್ಪೈಡರಿನ ಬಣ್ಣವನ್ನು ಉಳಿಸಿಕೊಂಡು ನಡುಕವನ್ನು ಮಾತ್ರ ಬೇರ್ಪಡಿಸುವೆವೆಂದು ತಳಿಗಾರರು ಎರಡು ದಶಕಗಳಿಗೂ ಮಿಕ್ಕಿ ಯತ್ನಿಸಿದರೂ ಆಗಲಿಲ್ಲ. ಎರಡೂ ಒಂದೇ.

ಇದನ್ನು ತಿಳಿದೂ ಬೆಳೆಸುವವರ ಸಮರ್ಥನೆಯನ್ನು ನಾವು ಗಮನವಿಟ್ಟು ಓದಿದ್ದೇವೆ. ಸ್ಪೈಡರ್ ಹಾವು ತಿನ್ನುತ್ತದೆ, ಬೆಳೆಯುತ್ತದೆ, ಮರಿಮಾಡುತ್ತದೆ, ಬಹುಕಾಲ ಬಾಳುತ್ತದೆ; ಮತ್ತೇನು ಬೇಕು, ಎಂಬುದು ಅವರ ಮಾತಿನ ಸಾರ. ಈ ಮಾತು ಸುಳ್ಳಲ್ಲ. ಆದರೆ ನಾಯಿಯಾದರೆ ನೋವಿಗೆ ಕುಂಯ್‌ಗುಟ್ಟುತ್ತದೆ, ಹಸು ಕಣ್ಣೀರು ಸುರಿಸುತ್ತದೆ. ಹಾವಿಗೆ ಕೂಗಿಲ್ಲ, ರೆಪ್ಪೆಯಿಲ್ಲ, ಮುಖದಲ್ಲಿ ಭಾವವಿಲ್ಲ. ಅದಕ್ಕೆ ಏನಾಗುತ್ತಿದೆಯೆಂಬುದನ್ನು ಅರಿಯಲು ನಮಗಿರುವ ಒಂದೇ ಗುರುತು ಅದರ ಚಲನೆ. ಆ ಚಲನೆಯೇ ಕೆಟ್ಟಿರುವಾಗ, ಊಟ ಮಾಡುತ್ತಿದೆಯಾದುದರಿಂದ ಸುಖವಾಗಿದೆ ಎನ್ನುವುದು ನಮ್ಮ ದೃಷ್ಟಿಯಲ್ಲಿ ವಾದವಲ್ಲ, ಅನುಕೂಲ. ಮುಗ್ಗರಿಸುವ ಹಾವಿಗೆ ನೋವಿದೆಯೆಂದು ನಾವು ಆಣೆಯಿಟ್ಟು ಹೇಳಲಾರೆವು. ಇಲ್ಲವೆಂದು ಆಣೆಯಿಡಬೇಕಾದವರು ಅದನ್ನು ಹುಟ್ಟಿಸಿ ಮಾರುವವರು.

ಬಣ್ಣಕ್ಕಾಗಿ, ಆಕಾರಕ್ಕಾಗಿ ಪ್ರಾಣಿಯನ್ನು ಕೆಡಿಸುವ ಚಪಲ ಹಾವಿನಿಂದ ಆರಂಭವಾದುದಲ್ಲ. ಡಾರ್ವಿನ್ನನು ೧೮೫೯ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದ ಮೊದಲ ಅಧ್ಯಾಯವನ್ನು ಸಾಕಿದ ಪಾರಿವಾಳಗಳಿಗೆ ಬಹುವಾಗಿ ಮೀಸಲಿಟ್ಟಿದ್ದಾನೆ. ತಾನೇ ಅವನ್ನು ಸಾಕಿ ನೋಡಿದ್ದನು. ಕೊಕ್ಕು ಚಿಕ್ಕದಾದಷ್ಟೂ ಸೊಗಸೆಂದು ಬೆಳೆಸಿದ ಟಂಬ್ಲರ್ ಪಾರಿವಾಳದ ಮರಿಗಳು ತಮ್ಮ ತತ್ತಿಯನ್ನು ತಾವೇ ಒಡೆಯಲಾರದೆ ಒಳಗೇ ಸಾಯುವುದು ಹೆಚ್ಚೆಂದೂ, ಸಾಕುವವರು ಸಹಾಯ ಮಾಡಿ ಹೊರತರುವರೆಂದೂ ಆತನು ಬರೆದಿದ್ದಾನೆ. ಉಸಿರಾಡಲು ತಿಣುಕುವ ಚಪ್ಪಟೆ ಮೂತಿಯ ಪಗ್ ನಾಯಿಗಳು ಈ ನಗರದ ಬೀದಿಗಳಲ್ಲಿ ಈಗ ಕಡಿಮೆಯೇನಿಲ್ಲ. ನಮ್ಮ ಊರುಕಡೆಯ ದನದ ಜಾತ್ರೆಗಳಲ್ಲಿಯೂ ಬಣ್ಣಕ್ಕೆ ಬೆಲೆಯುಂಟು. ಸುಳಿಯ ಶಾಸ್ತ್ರವಂತೂ ಇದ್ದೇ ಇದೆ. ಆದರೆ ಹಳ್ಳಿಕಾರ್ ಹೋರಿಯನ್ನೋ ಖಿಲಾರಿಯನ್ನೋ ಕೊಳ್ಳಬಂದ ಒಕ್ಕಲಿಗನು ಬಣ್ಣ ನೋಡಿ, ಸುಳಿ ನೋಡಿ, ಆಮೇಲೆ ಬಾಯಿ ತೆರೆಸಿ ಹಲ್ಲೆಣಿಸುತ್ತಾನೆ, ನಾಲ್ಕು ಮಾರು ನಡೆಸಿ ನೋಡುತ್ತಾನೆ. ತಲೆ ನೇರವಾಗಿ ನಿಲ್ಲದ ಹೋರಿ ಚಿನ್ನದ ಬಣ್ಣದ್ದಾದರೂ ಅವನಿಗೆ ಬೇಡ. ಹಾವಿನ ಸಂತೆಯಲ್ಲಿ ಈ ನಡೆಸಿ ನೋಡುವ ಪದ್ಧತಿ ಇಲ್ಲ. ಚಿತ್ರ ನೋಡಿ ಹಣ ಕಳುಹಿಸಿದರಾಯಿತು, ಚಿತ್ರದಲ್ಲಿ ತಲೆ ಅಲುಗುವುದಿಲ್ಲ.

ತಳಿಗಾರರನ್ನೆಲ್ಲ ಒಂದೇ ಗುಂಪಿಗೆ ಸೇರಿಸುವುದೂ ನ್ಯಾಯವಲ್ಲ. ಲೆಪರ್ಡ್ ಗೆಕೋ ಎಂಬ ಹಲ್ಲಿಯಲ್ಲಿ ಲೆಮನ್ ಫ್ರಾಸ್ಟ್ ಎಂಬ ಹೊಳೆಯುವ ಹಳದಿ ಬಣ್ಣವೊಂದು ಕಾಣಿಸಿಕೊಂಡು ಬಹಳ ಬೆಲೆ ಪಡೆಯಿತು. ಕೆಲಕಾಲದಲ್ಲೇ ಆ ಹಲ್ಲಿಗಳ ಚರ್ಮದಲ್ಲಿ ಬಿಳಿಯ ಗಡ್ಡೆಗಳು ಎದ್ದುವು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹಲ್ಲಿಗಳಿಗೆ ಅರ್ಬುದ. ಅವನ್ನು ಬೆಳೆಸುತ್ತಿದ್ದಾತನೇ ತಳಿಯೆತ್ತುವುದನ್ನು ನಿಲ್ಲಿಸಿ, ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಂಶೋಧಕರಿಗೆ ನೆರವಾದನು. ೨೦೨೧ರಲ್ಲಿ ಅವರು ಆ ಬಣ್ಣದ ವಂಶವಾಹಿಯನ್ನು ಗುರುತಿಸಿದರು. ಬ್ರಿಟನ್ನಿನಲ್ಲಿ ಉರಗಪ್ರಿಯರದೇ ಒಂದು ಸಂಘವಾದ ಇಂಟರ್‌ನ್ಯಾಷನಲ್ ಹರ್ಪಟಲಾಜಿಕಲ್ ಸೊಸೈಟಿಯು ತನ್ನ ಮೇಳಗಳಲ್ಲಿ ಸ್ಪೈಡರ್ ಹಾವುಗಳ ಮಾರಾಟವನ್ನು ನಿಷೇಧಿಸಿದೆ. ಸರಕಾರ ಬೆತ್ತ ಹಿಡಿಯುವ ಮುನ್ನವೇ ಹಾವನ್ನು ಬಲ್ಲವರೇ ಕೈಗೊಂಡ ನಿರ್ಧಾರಗಳಿವು. ನಮಗೆ ಹೆಚ್ಚು ಮೆಚ್ಚಿಗೆಯಾದುವು.

ವಿಜ್ಞಾನಕ್ಕೆ ಈ ಗೀಳಿನಿಂದ ಲಾಭವೇ ಇಲ್ಲವೆಂದೂ ಹೇಳಬಾರದು. ಅಮೆರಿಕದ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರೊಡನೆ ಸೇರಿ, ಸಾಕುವವರು ಕಳುಹಿಸಿಕೊಟ್ಟ ಹಾವಿನ ಪೊರೆಗಳಿಂದಲೇ ಬಿಳಿಹಳದಿ ಮುಂತಾದ ಮೂರು ಬಣ್ಣಗಳ ವಂಶವಾಹಿಗಳನ್ನು ಕಂಡುಹಿಡಿದು ೨೦೨೨ರಲ್ಲಿ ಪ್ರಕಟಿಸಿದರು. ಒಂದು ಹಾವಿಗೂ ಸೂಜಿ ತಾಗಲಿಲ್ಲ. ಅದು ಕಳಚಿ ಬಿಸುಟ ಪೊರೆಯೇ ಸಾಕಾಯಿತು. ಮನುಷ್ಯರಲ್ಲಿ ಬಿಳುಪುರೋಗಕ್ಕೆ ಕಾರಣವಾಗುವ ವಂಶವಾಹಿಗಳೇ ಹಾವಿನಲ್ಲಿಯೂ ಈ ಕೆಲಸ ಮಾಡುತ್ತವೆಂಬುದು ಅದರಿಂದ ತಿಳಿಯಿತು. ಇದನ್ನು ಓದಿದಾಗ ನಮ್ಮ ಜೀವಶಾಸ್ತ್ರದ ತರಗತಿಗಳನ್ನು ನೆನೆದು ನಮಗೆ ಸ್ವಲ್ಪ ಅಸೂಯೆಯೇ ಆಯಿತು.

ಸಾಕುವ ರೀತಿಯನ್ನೂ ಒಂದು ಮಾತಿನಲ್ಲಿ ಹೇಳಬೇಕು. ದೊಡ್ಡ ತಳಿಗಾರರ ಮನೆಗಳಲ್ಲಿ ಗೋಡೆಯುದ್ದಕ್ಕೂ ಕಪಾಟುಗಳು; ಕಪಾಟಿನಲ್ಲಿ ಪ್ಲಾಸ್ಟಿಕ್ಕಿನ ಸೆಳೆಖಾನೆಗಳು; ಒಂದೊಂದರಲ್ಲಿ ಒಂದೊಂದು ಹಾವು. ಬಿಲವಾಸಿಗೆ ಇಕ್ಕಟ್ಟೇ ಹಿತವೆಂದು ಅವರ ವಾದ. ಬಿಲದಿಂದ ರಾತ್ರಿ ಹೊರಗೆ ಹೋಗಬಹುದು, ಸೆಳೆಖಾನೆಯಿಂದ ಹೋಗಲಾಗದು, ಎಂಬುದಷ್ಟೇ ನಮ್ಮ ಉತ್ತರ. ಆಯುಸ್ಸು ಎಷ್ಟು? ಸಾಕಿದ ಹಾವು ೩೦ ವರ್ಷ ಬಾಳುವುದು ವಿಶೇಷವಲ್ಲ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದ ಹೆಣ್ಣು ಬಾಲ್ ಪೈಥಾನೊಂದು ೧೯೬೧ರಲ್ಲಿ ಅಲ್ಲಿಗೆ ಬಂದುದು; ೨೦೨೦ರ ಜುಲೈಯಲ್ಲಿ, ಸುಮಾರು ೬೨ ವರ್ಷ ವಯಸ್ಸಿನಲ್ಲಿ, ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಗಂಡಿನ ಸಂಗವಿಲ್ಲದೆಯೇ ಏಳು ತತ್ತಿಗಳನ್ನಿಟ್ಟು ಎಲ್ಲರನ್ನೂ ಬೆರಗುಗೊಳಿಸಿತು. ಒಂಬತ್ತನೆಯ ತರಗತಿಯಲ್ಲಿ ಹಾವು ತಂದ ಬಾಲಕನು ಅದು ಮುದಿಯಾಗುವ ಹೊತ್ತಿಗೆ ತನ್ನ ಮಕ್ಕಳ ಮದುವೆಯ ಚಿಂತೆಯಲ್ಲಿರಬಹುದು. ಅಷ್ಟು ಕಾಲವೂ ಅದಕ್ಕೆ ಇಲಿ ಬೇಕು, ತಕ್ಕ ಶಾಖ ಬೇಕು. ಚಾಳಿನ ಅಥವಾ ಫ್ಲ್ಯಾಟಿನ ನೆರೆಹೊರೆಯ ಒಪ್ಪಿಗೆಯೂ ಬೇಕು. ಕೊನೆಯದು ಎಲ್ಲಕ್ಕಿಂತ ಕಷ್ಟವೆಂದು ನಮ್ಮ ಎಣಿಕೆ.

ಕಾಯಿದೆಯ ಮಾತನ್ನೂ ತಿಳಿದಿರುವುದು ಒಳ್ಳೆಯದು. ನಮ್ಮ ನೆಲದ ಹೆಬ್ಬಾವು, ನಾಗರ, ಕೇರೆ ಮೊದಲಾದುವನ್ನು ಹಿಡಿದಿಟ್ಟುಕೊಳ್ಳುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಪರದೇಶದ ಹಾವುಗಳ ವಿಷಯದಲ್ಲಿ ಆ ಕಾಯಿದೆ ಮೊದಲು ಮೌನವಾಗಿತ್ತು. ೨೦೨೨ರ ತಿದ್ದುಪಡಿಯಿಂದಾಗಿ ಬಾಲ್ ಪೈಥಾನಿನಂತಹ ಪ್ರಾಣಿಗಳೂ ಅದರ ಪಟ್ಟಿಗೆ ಸೇರಿವೆ. ಇಟ್ಟುಕೊಂಡವನು ಸರಕಾರದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೆ ಅದನ್ನೂ ತಿಳಿಸಬೇಕು. ನೋಂದಣಿಗೆ ೨೦೨೪ರಲ್ಲಿ ನಿಯಮಗಳೂ ಬಂದಿವೆ. ಆದರೆ ಯಾವ ಬಣ್ಣವನ್ನು ಬೆಳೆಸಬಹುದು, ಯಾವುದನ್ನು ಕೂಡದು ಎಂಬ ವಿಚಾರ ಅದರಲ್ಲಿಲ್ಲ. ನಡುಗುವ ತಲೆಯ ಸ್ಪೈಡರನ್ನು ನೋಂದಾಯಿಸಿ ಯಾರಾದರೂ ಇಲ್ಲಿ ತಳಿಯೆತ್ತಿದರೆ, ಅದನ್ನು ಬಣ್ಣದ ಕಾರಣದಿಂದ ತಡೆಯುವ ಮಾತು ಆ ನಿಯಮಗಳಲ್ಲಿ ಕಾಣುವುದಿಲ್ಲ. ಈ ಉದ್ಯಮ ನಮ್ಮಲ್ಲಿ ಇನ್ನೂ ಎಳೆಯದಾಗಿರುವಾಗಲೇ ಇಂತಹ ಬಣ್ಣಗಳ ತಳಿಯೆತ್ತುವುದನ್ನು ನಿಷೇಧಿಸುವುದು ಸರಕಾರಕ್ಕೆ ಸುಲಭ. ಮನೆಮನೆಗೂ ಹರಡಿದ ಮೇಲೆ ಕಷ್ಟ.

ನಮ್ಮ ಮಕ್ಕಳ ಪ್ರಶ್ನೆಗೆ ಉತ್ತರ ಹೇಳುವುದಾದರೆ: ಪೊಟ್ಟಣದಲ್ಲಿ ಕದ್ದು ಬಂದ ಹಾವು ಬೇಡವೇ ಬೇಡ, ಸ್ಪೈಡರ್, ಮತ್ತು ಅದರಂತೆಯೇ ತಲೆ ನಡುಗುವ ಷಾಂಪೇನ್, ವೋಮಾ ಮೊದಲಾದ ಬಣ್ಣಗಳನ್ನು ಯಾವ ದಾರಿಯಿಂದ ಬಂದರೂ ಕೊಳ್ಳತಕ್ಕುದಲ್ಲ. ಉಳಿದ ಬಣ್ಣಗಳ ವಿಷಯದಲ್ಲಿ ನಮಗೆ ಹಟವಿಲ್ಲ. ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಮೂವತ್ತು ವರ್ಷದ ಹೊಣೆಯನ್ನು ಹೊರಬೇಕಾದ ಅವಸರವೇನೂ ಕಾಣುವುದಿಲ್ಲ. ಮೇಲ್ತರಗತಿಯ ವಿದ್ಯಾರ್ಥಿಮಿತ್ರರಲ್ಲಿ ಯಾರಿಗಾದರೂ ಇದು ಒಪ್ಪಿಗೆಯಾಗದಿದ್ದರೆ, ಬರುವ ವರ್ಷದ ಚರ್ಚಾಕೂಟದಲ್ಲಿ ಇದನ್ನೇ ವಿಷಯವಾಗಿಟ್ಟು ನಮ್ಮನ್ನು ಎದುರಿಸಲಿ. ಬರುವ ಮುನ್ನ ಸಹಜ ಹಾವಿನ ಒಳಗಿವಿಯ ಚಿತ್ರವನ್ನೂ ಸ್ಪೈಡರಿನ ಒಳಗಿವಿಯ ಚಿತ್ರವನ್ನೂ ಅಕ್ಕಪಕ್ಕದಲ್ಲಿಟ್ಟು ಒಮ್ಮೆ ನೋಡಿಕೊಂಡು ಬರಲಿ.